ಎರಡು ದಾರಿ, ಮೂರನೆಯ ಸಾಕ್ಷಿ

‘ಕೋರಂ’ ಎಂಬ ಮಾತು ಲ್ಯಾಟಿನ್ ಭಾಷೆಯದೆಂದರೆ ನಮ್ಮ ತಾಳವಾಡಿ ಸೀಮೆಯ ಹಿರಿಯರು ನಂಬಲಾರರು. ಹಾಲಿನ ಸೊಸೈಟಿಯ ಮಹಾಸಭೆಯಿರಲಿ, ಪಂಚಾಯಿತಿಯ ಸಭೆಯಿರಲಿ, ಊರ ದೇವಸ್ಥಾನದ ಕಮಿಟಿಯಿರಲಿ, ಸಾಕಷ್ಟು ಜನ ಸೇರದಿದ್ದರೆ ‘ಕೋರಂ ಇಲ್ಲ’ ಎಂದು ಹೇಳಿ, ಟೀ ಕುಡಿದು ಎದ್ದುಹೋಗುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಹಿಂದೆ ಇಂಗ್ಲೆಂಡಿನಲ್ಲಿ ನ್ಯಾಯಾಧಿಕಾರಿಗಳನ್ನು ನೇಮಿಸುವ ಸನ್ನದಿನಲ್ಲಿ ‘ಯಾರಲ್ಲಿ ಇಂಥವರು ಇರಲೇಬೇಕೋ’ ಎಂದು ಬರೆಯುವಾಗ ಬರುತ್ತಿದ್ದ ಒಂದು ಪದವೇ ಲೋಕವನ್ನೆಲ್ಲ ಸುತ್ತಿ, ಘಟ್ಟ ಹತ್ತಿ, ನಮ್ಮ ಜಗಲಿಯ ಮೇಲೆ ಬಂದು ಕುಳಿತಿದೆ. ಪಂಡಿತರು ಅದನ್ನು ‘ಗಣಪೂರ್ತಿ’ ಎಂದು ಕನ್ನಡಿಸಿದರು. ಆದರೂ ಜನದ ಬಾಯಲ್ಲಿ ಕೋರಂ ಕೋರಮ್ಮಾಗಿಯೇ ಉಳಿಯಿತು.

ಹೊಟ್ಟೆಪಾಡಿಗಾಗಿ ಬೆಂಗಳೂರಿನಲ್ಲಿ ಗಣಕಯಂತ್ರಗಳನ್ನು ನೋಡಿಕೊಳ್ಳುವ ನನಗೆ ಈ ಮಾತಿನ ಇನ್ನೊಂದು ಮುಖದ ಪರಿಚಯವುಂಟು. ಬ್ಯಾಂಕಿನ, ರೈಲಿನ, ಪಡಿತರದ ಲೆಕ್ಕಗಳನ್ನು ಒಡಲಲ್ಲಿಟ್ಟುಕೊಂಡ ದೊಡ್ಡ ಯಂತ್ರಗಳನ್ನು ಈಗ ಎಲ್ಲರೂ ‘ಸರ್ವರ್’ ಎಂದೇ ಕರೆಯುತ್ತಾರಷ್ಟೆ. ಆ ಯಂತ್ರಗಳೂ ತಮ್ಮತಮ್ಮಲ್ಲಿ ಓಟು ಎಣಿಸುತ್ತವೆ. ಎಣಿಕೆ ಸಾಲದೆ ಬಂದಾಗ ಕೋರಂ ಇಲ್ಲವೆಂದು ಕೆಲಸ ನಿಲ್ಲಿಸಿ ಕುಳಿತುಬಿಡುತ್ತವೆ. ಟೀ ಕುಡಿಯುವುದೊಂದೇ ಬಾಕಿ. ‘ಸರ್ವರ್ ಇಲ್ಲ’ ಎಂಬ ಉತ್ತರವನ್ನು ಕೇಳಿ ಬರಿಗೈಯಲ್ಲಿ ಹಿಂದಿರುಗಿದ ಅನುಭವ ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿಗೆ ಆಗಿರಬೇಕು. ಆ ಉತ್ತರದ ಹಿಂದೆ ಏನು ನಡೆಯುತ್ತದೆ, ಯಾವಾಗ ಅದು ನ್ಯಾಯ, ಯಾವಾಗ ಅನ್ಯಾಯ ಎಂಬುದನ್ನು ನಮ್ಮ ಮನೆಮಂದಿಗೆ ತಿಳಿಯುವಂತೆ ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ರಸ್ತೆಗಳೇ ಸಾಕು. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಬಿಟ್ಟು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ೧೯೭೯ರಲ್ಲಿ ಕೊಯಮತ್ತೂರನ್ನು ಒಡೆದು ಈರೋಡನ್ನು ಕೇಂದ್ರವಾಗಿ ಪೆರಿಯಾರ್ ಜಿಲ್ಲೆ ಮಾಡಿದರು. ಅದೇ ಇಂದಿನ ಈರೋಡು ಜಿಲ್ಲೆ. ನಮಗೆ ಕಚೇರಿಯ ದಾರಿ ಇಳಿಜಾರಿನದು: ಹಾಸನೂರು, ದಿಂಬಂ, ೨೭ ಕೊಂಡಿ ತಿರುವುಗಳ ಘಟ್ಟ, ಬಣ್ಣಾರಿಯಮ್ಮನ ಗುಡಿ, ಸತ್ಯಮಂಗಲ. ಸಂತೆಯ, ಆಸ್ಪತ್ರೆಯ, ನಂಟರ ದಾರಿ ಚಾಮರಾಜನಗರದ ಕಡೆಗೆ. ಘಟ್ಟದ ತಿರುವಿನಲ್ಲಿ ಲಾರಿಯೊಂದು ಅಡ್ಡ ಬಿದ್ದರೆ ಕೆಳಗಿನ ಲೋಕ ಕೆಳಗೆ, ಮೇಲಿನ ಲೋಕ ಮೇಲೆ. ೨೦೨೨ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಕಾಡುಪ್ರಾಣಿಗಳ ಸಲುವಾಗಿ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ಕಟ್ಟು ಬಿದ್ದಾಗ, ಎರಡನೆಯ ದಾರಿಯ ಬೆಲೆ ಏನೆಂದು ನಮ್ಮ ಮಕ್ಕಳಿಗೂ ಅರ್ಥವಾಯಿತು. ಒಂದು ದಾರಿ ಕಟ್ಟಿದರೆ ಇನ್ನೊಂದು ಇರಬೇಕು: ಆಪತ್ತನ್ನು ತಾಳಿಕೊಳ್ಳುವ ಯಂತ್ರಕೂಟವನ್ನು ಕಟ್ಟುವವರ ಮೊದಲನೆಯ ಸೂತ್ರವೂ ಇದೇ.

ಒಂದೇ ಯಂತ್ರದಲ್ಲಿ ಊರೆಲ್ಲರ ಲೆಕ್ಕವಿಟ್ಟರೆ, ಅದು ಕೆಟ್ಟ ದಿನ ಊರೇ ನಿಲ್ಲುತ್ತದೆ. ಆದ್ದರಿಂದ ಹಲವು ಯಂತ್ರಗಳನ್ನು ಒಂದು ಕೂಟವಾಗಿ ಕಟ್ಟುತ್ತಾರೆ. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದೀತು, ನೀರು ನುಗ್ಗೀತು ಎಂದು ಆ ಕೂಟವನ್ನು ಎರಡು ಕಟ್ಟಡಗಳಲ್ಲಿ, ಎರಡು ಊರುಗಳಲ್ಲಿ ಹಂಚಿಡುತ್ತಾರೆ. ಲೆಕ್ಕವನ್ನು ಬರೆದಿಡುವ ಉಗ್ರಾಣ ಬೇರೆಯೇ ಇರುತ್ತದೆ: ಸಾಲುಸಾಲು ಡಿಸ್ಕುಗಳ ಕಪಾಟು. ಪ್ರತಿ ಯಂತ್ರದಿಂದ ಉಗ್ರಾಣಕ್ಕೆ ಒಂದಲ್ಲ, ಎರಡು ತಂತು. ಎರಡು ಬೇರೆ ಸ್ವಿಚ್ಚು. ಎರಡು ಬೇರೆ ವಿದ್ಯುತ್ ಮೂಲ. ಒಂದು ಕಟ್ಟಡದ ಉಗ್ರಾಣದಲ್ಲಿ ಬರೆದ ಪ್ರತಿ ಅಕ್ಷರದ ನಕಲು ಇನ್ನೊಂದು ಕಟ್ಟಡದ ಉಗ್ರಾಣದಲ್ಲಿಯೂ ಬೀಳುತ್ತದೆ. ಎಲ್ಲವೂ ಜೋಡಿ. ಇಷ್ಟಾದ ಮೇಲೆ ಚಿಂತೆಯೇನು ಎಂದು ಯಾರಿಗಾದರೂ ಅನ್ನಿಸೀತು. ಚಿಂತೆ ಆರಂಭವಾಗುವುದೇ ಇಲ್ಲಿಂದ.

ನಮ್ಮಲ್ಲಿ ಆನೆ, ಹಂದಿಗಳ ಕಾಟಕ್ಕೆ ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಕಾವಲು ಕೂರುವುದುಂಟು. ಈ ಅಟ್ಟಣೆಯವನು ‘ಓ’ ಎನ್ನುತ್ತಾನೆ. ಆ ಅಟ್ಟಣೆಯವನು ‘ಓ’ ಎಂದು ಓಗೊಡುತ್ತಾನೆ. ಯಂತ್ರಗಳೂ ಹೀಗೆಯೇ ಕ್ಷಣಕ್ಷಣಕ್ಕೂ ಒಂದನ್ನೊಂದು ಕೂಗಿ ಕೇಳುತ್ತಿರುತ್ತವೆ. ನಮ್ಮ ಕಸುಬಿನವರು ಇದನ್ನು ಎದೆಬಡಿತವೆನ್ನುತ್ತಾರೆ. ಬಡಿತ ಕೇಳಿಸದಿದ್ದರೆ ಆಚೆಯ ಯಂತ್ರ ಸತ್ತಿತೆಂದು ತಿಳಿಯಬಹುದಲ್ಲ ಎಂದು ನಾನೊಮ್ಮೆ ನಮ್ಮ ದೊಡ್ಡಪ್ಪನಿಗೆ ವಿವರಿಸುತ್ತಿದ್ದೆ. ಅವರು ಬಾಯೊಳಗಿನ ಎಲೆಯಡಿಕೆಯನ್ನು ಒತ್ತರಿಸಿ, “ಓ ಅನ್ನದೆ ಹೋದವ್ನು ಸತ್ತೋದ ಅಂತ್ಲಾ ಮಗ? ನಿದ್ದೆ ಹತ್ತಿರ್ಬೋದು. ಗಾಳಿ ಅತ್ಲಾಗ್ ಬೀಸಿರ್ಬೋದು. ಅವ್ನೂ ನಿನ್ನ ಸತ್ತೋದ ಅನ್ಕೊಂಡು ಅಲ್ಲೇ ಕುಂತಿರ್ಬೋದು” ಎಂದರು. ಈ ವಿದ್ಯೆಯ ಗ್ರಂಥಗಳು ಹತ್ತಾರು ಪುಟಗಳಲ್ಲಿ ಹೇಳುವುದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ಮೌನದಿಂದ ಮರಣವನ್ನು ಊಹಿಸಲಾಗದು. ಯಂತ್ರ ಕೆಟ್ಟಿದೆಯೋ, ನಡುವಣ ತಂತು ಹರಿದಿದೆಯೋ ಎಂಬುದು ಈಚೆ ಕುಳಿತವನಿಗೆ ಎಂದೂ ಖಚಿತವಾಗಿ ಗೊತ್ತಾಗದು.

ಗೊತ್ತಾಗದೆ ಎರಡು ಕಡೆಯವರೂ ‘ಇನ್ನು ನಾನೇ ಯಜಮಾನ’ ಎಂದು ಹೊರಟರೆ ಏನಾದೀತು? ಊರಿನಲ್ಲಿ ಎರಡು ಪಕ್ಷವಾಗಿ, ಇಬ್ಬರೂ ತಾವೇ ದೇವಸ್ಥಾನದ ಕಮಿಟಿಯೆಂದು ರಸೀತಿ ಪುಸ್ತಕ ಅಚ್ಚು ಹಾಕಿಸಿ ಚಂದಾ ಎತ್ತಿದ್ದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಜಗಳ ಮುಗಿದರೂ ಲೆಕ್ಕ ಮುಗಿಯುವುದಿಲ್ಲ. ಒಬ್ಬನ ಖಾತೆಯಲ್ಲಿರುವ ಹತ್ತು ಸಾವಿರ ರೂಪಾಯಿಯನ್ನು ಆ ಊರಿನ ಯಂತ್ರ ಒಮ್ಮೆ, ಈ ಊರಿನ ಯಂತ್ರ ಒಮ್ಮೆ ಕೊಟ್ಟುಬಿಟ್ಟರೆ, ತಂತು ಮತ್ತೆ ಕೂಡಿದ ಮೇಲೆ ಯಾರ ಪುಸ್ತಕ ಸತ್ಯ? ಯಂತ್ರ ಸತ್ತರೆ ಬೇರೆ ಯಂತ್ರ ತರಬಹುದು. ಎರಡು ಸತ್ಯಗಳು ಹುಟ್ಟಿದರೆ ಅವನ್ನು ಒಂದು ಮಾಡುವುದು ಬಹು ಕಷ್ಟ. ಕೂಟ ಕಟ್ಟುವವರು ಬೆಂಕಿಗಿಂತ ಹೆಚ್ಚಾಗಿ ಹೆದರುವುದು ಇದಕ್ಕೇ.

ಇದಕ್ಕೆ ಮದ್ದು ಕೋರಂ. ಪ್ರತಿ ಯಂತ್ರಕ್ಕೂ ಒಂದು ಓಟು. ಒಟ್ಟು ಓಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾರ ಕಣ್ಣಿಗೆ ಕಾಣುತ್ತದೆಯೋ ಅವರು ಮಾತ್ರ ಕೆಲಸ ಮುಂದುವರಿಸಬೇಕು. ಉಳಿದವರು ಬದುಕಿದ್ದರೂ, ಕೈಕಾಲು ಗಟ್ಟಿಯಿದ್ದರೂ, ಸುಮ್ಮನಾಗಬೇಕು. ನಮ್ಮ ಸಂವಿಧಾನದ ೧೦೦ನೆಯ ಅನುಚ್ಛೇದದಂತೆ ಲೋಕಸಭೆಗೆ ಹತ್ತನೆಯ ಒಂದು ಭಾಗ ಸದಸ್ಯರಿದ್ದರೂ ಕೋರಂ ಆಗುತ್ತದೆ. ಯಂತ್ರಗಳಿಗೆ ಮಾತ್ರ ಏಕೆ ಅರ್ಧದ ಮೇಲೆ ಎಂದು ಕೇಳಬಹುದು. ಲೋಕಸಭೆಗೆ ಸೂರು ಒಂದೇ, ಸಭಾಧ್ಯಕ್ಷರ ಪೀಠ ಒಂದೇ. ಅಲ್ಲಿ ಎರಡು ಲೋಕಸಭೆಗಳು ಏಕಕಾಲಕ್ಕೆ ಕೂಡುವ ಭಯವಿಲ್ಲ. ಎರಡು ಸೂರುಗಳಿರುವ ಕಡೆ ಹತ್ತರಲ್ಲೊಂದು ಪಾಲು ಈಚೆಯೂ ಕೂಡಬಹುದು, ಆಚೆಯೂ ಕೂಡಬಹುದು. ಅರ್ಧಕ್ಕಿಂತ ಹೆಚ್ಚು ಎಂಬುದು ಮಾತ್ರ ಎರಡು ಕಡೆ ಇರಲು ಸಾಧ್ಯವೇ ಇಲ್ಲ. ಇಷ್ಟು ಸರಳವಾದ ಲೆಕ್ಕದ ಮೇಲೆ ಲೋಕದ ದೊಡ್ಡದೊಡ್ಡ ಖಜಾನೆಗಳು ನಿಂತಿವೆ.

ಆದರೆ ಈ ಊರಿನಲ್ಲಿ ಎರಡು, ಆ ಊರಿನಲ್ಲಿ ಎರಡು ಯಂತ್ರಗಳಿದ್ದು ನಡುವೆ ತಂತು ಹರಿದರೆ ಎರಡೆರಡೇ ಓಟಾಗಿ, ಮೂರು ಯಾರಿಗೂ ಸಿಕ್ಕದೆ, ಎರಡು ಕಡೆಯೂ ನಿಲ್ಲುತ್ತದೆ. ಒಂದು ಕಡೆಗೆ ಓಟು ಹೆಚ್ಚಿಸಿದರೆ, ಆ ಹೆಚ್ಚಿನ ಕಡೆಗೇ ಬೆಂಕಿ ಬಿದ್ದ ದಿನ ಉಳಿದದ್ದು ತಾನಾಗಿ ಏಳಲಾರದು. ಮನುಷ್ಯನೇ ಬಂದು ಎಬ್ಬಿಸಬೇಕು. ಅದಕ್ಕಾಗಿ ಮೂರನೆಯ ಊರಿನಲ್ಲಿ ಒಂದು ಸಣ್ಣ ಯಂತ್ರವಿಡುತ್ತಾರೆ. ಅದು ಲೆಕ್ಕ ಬರೆಯುವುದಿಲ್ಲ, ಹಣ ಎಣಿಸುವುದಿಲ್ಲ. ಓಟು ಹಾಕುವುದಷ್ಟೇ ಅದರ ಕೆಲಸ. ಅದಕ್ಕೆ ಸಾಕ್ಷಿ ಎಂದೇ ಹೆಸರು. ಬದುವಿನ ವ್ಯಾಜ್ಯದಲ್ಲಿ ಎರಡು ಹೊಲದವರೂ ಅಲ್ಲದ ಪಕ್ಕದೂರಿನ ಹಿರಿಯನನ್ನು ಕರೆದು ತಂದು ಕೂರಿಸುತ್ತೇವಲ್ಲ, ಹಾಗೆ. ಆ ಹಿರಿಯ ಶ್ರೀಮಂತನಾಗಬೇಕಿಲ್ಲ. ಇಬ್ಬರಲ್ಲಿ ಒಬ್ಬನ ಮನೆಯಲ್ಲಿ ಉಂಡು ಬಂದವನಾಗಬಾರದು. ಸಾಕ್ಷಿಯಂತ್ರಕ್ಕೆ ಹೋಗುವ ತಂತು ಎರಡು ಕಟ್ಟಡಗಳಲ್ಲಿ ಒಂದನ್ನು ಹಾದುಹೋಗುವಂತಿದ್ದರೆ, ಆ ಕಟ್ಟಡ ಉರಿದಾಗ ಸಾಕ್ಷಿಯೂ ಕಾಣದಾಗುತ್ತದೆ.

ಜೋಡಿ ತಂತಿನ ಮಾತಿಗೆ ಬಂದರೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಸಂಗವುಂಟು. ೨೦೨೧ರ ಫೆಬ್ರವರಿ ೨೪ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಬೆಳಿಗ್ಗೆ ೧೧.೪೦ಕ್ಕೆ ವ್ಯಾಪಾರ ನಿಲ್ಲಿಸಿತು. ಮತ್ತೆ ಆರಂಭವಾದದ್ದು ಮಧ್ಯಾಹ್ನ ೩.೪೫ಕ್ಕೆ. ಅವರಲ್ಲಿ ಜೋಡಿ ಇರಲಿಲ್ಲವೆ? ಇತ್ತು. ಮೂಲ ಕೇಂದ್ರಕ್ಕೂ ಹತ್ತಿರದ ನಕಲು ಕೇಂದ್ರಕ್ಕೂ ನಡುವೆ ಎರಡು ಬೇರೆ ಕಂಪೆನಿಗಳ ತಂತುಗಳಿದ್ದುವು. ಆದರೆ ದಾರಿಯಲ್ಲಿ ನಡೆಯುತ್ತಿದ್ದ ಅಗೆತ, ಕಟ್ಟಡದ ಕೆಲಸಗಳಿಂದ ಎರಡೂ ಏರುಪೇರಾದುವೆಂದು ಕೇಂದ್ರವೇ ಆಮೇಲೆ ತಿಳಿಸಿತು. ತಂತು ಕೆಟ್ಟರೂ ಕೆಲಸ ಮಾಡಬೇಕಾಗಿದ್ದ ಮೂಲ ಕೇಂದ್ರದ ಉಗ್ರಾಣವೂ ಆ ಹೊತ್ತಿಗೆ ನಿರೀಕ್ಷೆಯಂತೆ ನಡೆಯದೆ, ನಷ್ಟದ ಅಪಾಯವನ್ನು ಅಳೆಯುವ ವ್ಯವಸ್ಥೆಯೇ ನಿಂತುಹೋಯಿತು. ದೂರದ ಚೆನ್ನೈಯಲ್ಲಿ ಇನ್ನೊಂದು ಆಪತ್ಕೇಂದ್ರವಿತ್ತು. ಆದರೆ ಆ ದಿನ ವ್ಯಾಪಾರವನ್ನು ಅಲ್ಲಿಗೆ ಸಾಗಿಸಲಿಲ್ಲ. ಎರಡು ಬೇರೆ ಮಾಲೀಕರ ಬಸ್ಸುಗಳಿದ್ದರೂ ಎರಡೂ ದಿಂಬಂ ಘಟ್ಟದಲ್ಲೇ ಇಳಿಯಬೇಕಾದರೆ ಅದು ಎರಡು ದಾರಿಯಲ್ಲ ಎಂಬುದು ನಮಗೆ ಗೊತ್ತಿರುವಷ್ಟು ಪೇಟೆಯವರಿಗೆ ಗೊತ್ತಿರಲಾರದು. ಬಸ್ಸನ್ನು ಎಣಿಸಬಾರದು; ಘಟ್ಟವನ್ನು ಎಣಿಸಬೇಕು.

ಆ ಘಟನೆಯ ಮರುತಿಂಗಳೇ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಕಟ್ಟುನಿಟ್ಟು ಮಾಡಿತು. ಮುಖ್ಯ ವ್ಯವಸ್ಥೆ ನಿಂತರೆ ೩೦ ನಿಮಿಷಗಳೊಳಗೆ ಆಪತ್ತೆಂದು ಸಾರಬೇಕು. ಅಲ್ಲಿಂದ ೪೫ ನಿಮಿಷಗಳೊಳಗೆ ಬೇರೆ ಕೇಂದ್ರದಿಂದ ಕೆಲಸ ನಡೆಯಬೇಕು. ಬರೆದಿಟ್ಟದ್ದಷ್ಟೇ ಅಲ್ಲ, ೨೦೨೪ರ ಮಾರ್ಚ್ ೨ರ ಶನಿವಾರ ರಜೆಯ ದಿನ ಪೇಟೆಯನ್ನು ತೆರೆದು, ಮೊದಲು ಮೂಲ ಕೇಂದ್ರದಿಂದ, ಅನಂತರ ಆಪತ್ಕೇಂದ್ರದಿಂದ ನಿಜವಾದ ವ್ಯಾಪಾರವನ್ನೇ ನಡೆಸಿ ನೋಡಿದರು. ವರ್ಷಕ್ಕೊಮ್ಮೆಯೂ ಹೊರಗೆ ತೆಗೆಯದ ಹಗ್ಗ ಬಾವಿಗೆ ಬಿದ್ದವನನ್ನು ಎತ್ತುವ ದಿನವೇ ಹರಿಯುತ್ತದೆ. ಈ ಪರೀಕ್ಷೆ ಬುದ್ಧಿವಂತಿಕೆಯ ಕೆಲಸ.

ಇನ್ನು ಉಗ್ರಾಣದ ನಕಲಿನ ಪ್ರಶ್ನೆ. ಇಲ್ಲಿ ಬರೆದದ್ದು ಅಲ್ಲಿಯೂ ಬಿದ್ದಿತೆಂದು ಖಚಿತವಾದ ಮೇಲೆಯೇ ‘ಆಯಿತು’ ಎನ್ನುವುದು ಒಂದು ಪದ್ಧತಿ. ಇಲ್ಲಿ ಬರೆದು ‘ಆಯಿತು’ ಎಂದು, ಆಮೇಲೆ ಅಲ್ಲಿಗೆ ಕಳುಹಿಸುವುದು ಇನ್ನೊಂದು. ಮೊದಲನೆಯದರಲ್ಲಿ ನಷ್ಟವಿಲ್ಲ, ಆದರೆ ಕಾಯಬೇಕು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಓಡುತ್ತದೆ. ನೂರು ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಸಾವಿರದಲ್ಲೊಂದು ಪಾಲು ಹಿಡಿಯುತ್ತದೆ. ಕೇಳಲು ಅಲ್ಪ, ಆದರೆ ಒಂದೊಂದು ಬರಹಕ್ಕೂ ಇಷ್ಟು ಕಾದರೆ ಲಕ್ಷಾಂತರ ಬರಹಗಳ ಕೆಲಸ ತೆವಳುತ್ತದೆ. ಆಧಾರ್ ವ್ಯವಸ್ಥೆಯ ದತ್ತಾಂಶ ಕೇಂದ್ರಗಳು ಬೆಂಗಳೂರಿನಲ್ಲಿಯೂ ಹರಿಯಾಣದ ಮಾನೇಸರಿನಲ್ಲಿಯೂ ಇವೆ. ಸುಮಾರು ೧,೭೦೦ ಕಿಲೋಮೀಟರ್ ದೂರದ ಅಂಥ ಎರಡು ಊರುಗಳ ನಡುವೆ ಹೋಗಿ ಬರಲು ಬೆಳಕಿಗೇ ಅದರ ಹದಿನೇಳರಷ್ಟು ಕಾಲ ಬೇಕು. ಹತ್ತಿರವಿದ್ದರೆ ಒಂದೇ ಭೂಕಂಪ ಎರಡನ್ನೂ ನುಂಗೀತು. ದೂರವಿದ್ದರೆ ಕೊನೆಯ ಕ್ಷಣದ ಬರಹ ಕಳೆದೀತು. ಅನೇಕ ಕಡೆ ಹತ್ತಿರಕ್ಕೊಂದು, ದೂರಕ್ಕೊಂದು ಎಂದು ಎರಡು ನಕಲನ್ನಿಡುವುದು ಈ ಕಾರಣದಿಂದ.

ಈ ಕೊನೆಯ ಕ್ಷಣದ ಬರಹ ಎಷ್ಟು ಕಾಡಬಲ್ಲದೆಂಬುದಕ್ಕೆ ಅಮೆರಿಕದ ಗಿಟ್‌ಹಬ್ ಸಂಸ್ಥೆಯ ಕಥೆಯಿದೆ. ಲೋಕದ ಗಣಕ ಕೆಲಸಗಾರರು ತಾವು ಬರೆದ ಕ್ರಮವಿಧಿಗಳನ್ನು ಜೋಪಾನವಾಗಿಡುವ ಸ್ಥಳ ಅದು. ೨೦೧೮ರ ಅಕ್ಟೋಬರ್ ೨೧ರಂದು ಒಂದು ಉಪಕರಣ ಬದಲಿಸುವಾಗ ಪೂರ್ವ ಕರಾವಳಿಯ ಕೇಂದ್ರದ ಸಂಪರ್ಕ ೪೩ ಸೆಕೆಂಡು ಕಡಿಯಿತು. ಉಳಿದ ಕಡೆಯವು ಓಟು ಎಣಿಸಿ, ಕೋರಂ ಕೂಡಿಸಿ, ಯಜಮಾನಿಕೆಯನ್ನು ಪಶ್ಚಿಮ ಕರಾವಳಿಗೆ ವಹಿಸಿದುವು. ಓಟು ಸರಿಯಾಗಿಯೇ ಇತ್ತು. ಆದರೆ ಪೂರ್ವದಲ್ಲಿ ಆ ಮೊದಲು ಬರೆದ ಕೆಲವು ಅಕ್ಷರಗಳು ಇನ್ನೂ ಪಶ್ಚಿಮಕ್ಕೆ ತಲುಪಿರಲಿಲ್ಲ. ಎರಡು ಪುಸ್ತಕ, ಎರಡು ಸತ್ಯ. ಅವನ್ನು ಒಂದು ಮಾಡಿ, ಸೇವೆಯನ್ನು ಮೊದಲಿನ ಸ್ಥಿತಿಗೆ ತರಲು ೨೪ ಗಂಟೆ ೧೧ ನಿಮಿಷ ಬೇಕಾಯಿತು. ಬೇಗ ತೆರೆಯುವುದಕ್ಕಿಂತ ಲೆಕ್ಕ ಕೆಡದಿರುವುದು ಮುಖ್ಯವೆಂದು ಅವರೇ ಆರಿಸಿಕೊಂಡ ವಿಳಂಬವದು. ಹೊಸ ಯಜಮಾನನನ್ನು ಆರಿಸುವುದರ ಜೊತೆಗೆ, ಹಳೆಯ ಯಜಮಾನನ ಕೈಯಲ್ಲಿದ್ದ ಪುಸ್ತಕವೂ ಪೂರ್ತಿ ತಲುಪಿದೆಯೇ ಎಂದು ನೋಡಬೇಕೆಂಬುದು ಇದರ ಪಾಠ.

ಸರಿಯಾಗಿ ಕಟ್ಟಿದ್ದು ಆಪತ್ತಿನಲ್ಲಿ ನಿಂತದ್ದೂ ಉಂಟು. ೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿದಾಗ, ಅವುಗಳ ಸಮೀಪದಲ್ಲಿಯೇ ಜರ್ಮನಿಯ ಕಾಮರ್ಜ್‌ಬ್ಯಾಂಕಿನ ಕಚೇರಿಯಿತ್ತು. ಬಿಸಿಗೆ ಅಲ್ಲಿಯ ಡಿಸ್ಕುಗಳು ಕೈಕೊಟ್ಟರೂ ಒಂದು ಯಂತ್ರ, ಸುಮಾರು ೩೦ ಮೈಲಿ ದೂರದ ರೈ ಎಂಬ ಊರಿನಲ್ಲಿದ್ದ ನಕಲು ಉಗ್ರಾಣವನ್ನು ಬಳಸಿ ಕೆಲಸ ಮುಂದುವರಿಸಿತು. ಅದನ್ನು ನಡೆಸುತ್ತಿದ್ದುದು ವಿ.ಎಂ.ಎಸ್. ಎಂಬ ಕಾರ್ಯವ್ಯವಸ್ಥೆ, ೧೯೮೩ರಷ್ಟು ಹಿಂದೆಯೇ ಡಿಜಿಟಲ್ ಕಂಪೆನಿ ತನ್ನ ಯಂತ್ರಕೂಟವನ್ನು ಪರಿಚಯಿಸಿದ್ದು ಇದರ ಮೂಲಕ. ಹೆಚ್.ಪಿ. ಕಂಪೆನಿಯ ಕೈಗೆ ಬಂದ ಮೇಲೆ, ೨೦೦೯ರಲ್ಲಿ, ಇದರ ಅಭಿವೃದ್ಧಿಯ ಕೆಲಸ ಬೆಂಗಳೂರಿಗೆ ಬಂದಿತು. ಓಟಿನ ಈ ವಿದ್ಯೆಯನ್ನು ಕೆಲವು ವರ್ಷ ನಮ್ಮ ನಾಡಿನಲ್ಲಿಯೇ ಕಾಪಾಡಿದರೆಂಬುದು ನನ್ನಂಥವರಿಗೆ ಸಣ್ಣ ಹೆಮ್ಮೆಯ ವಿಷಯ.

ಇಷ್ಟೆಲ್ಲ ಹೇಳಿದ ಮೇಲೆ, ಮನಸ್ಸಿನಲ್ಲಿ ಕೊರೆಯುವ ಮಾತನ್ನೂ ಹೇಳಬೇಕು. ನನ್ನ ಸೋದರತ್ತೆ ಬೆಟ್ಟದ ಒಂದು ಊರಿನವರು. ವಯಸ್ಸು ಎಪ್ಪತ್ತು ದಾಟಿದೆ. ಪಡಿತರದ ಅಕ್ಕಿಗೆಂದು ಎರಡು ಮೈಲಿ ನಡೆದುಹೋದರು. ಹೆಬ್ಬೆಟ್ಟು ಒತ್ತಿದರು, ಯಂತ್ರ ಸುತ್ತಿತು, ಸುತ್ತಿತು, ನಿಂತಿತು. ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಮರುದಿನವೂ ಅದೇ. ಮೂರನೆಯ ದಿನ ಅವರು ಹೋಗಲಿಲ್ಲ. ಪಕ್ಕದ ಮನೆಯಿಂದ ಎರಡು ಸೇರು ರಾಗಿ ಸಾಲ ತಂದರು. ಬೇಸಗೆಯಲ್ಲಿ ಊರಿಗೆ ಹೋದಾಗ ನನ್ನನ್ನು ಕೂರಿಸಿಕೊಂಡು, “ಆ ಸರ್ವರ್ರು ನೋಡ್ಕಳದು ನೀನೇ ಅಂತಲ್ಲಪ್ಪ. ನಮ್ಮೂರ್ದು ಯಾಕಪ್ಪ ಯಾವಾಗ್ಲೂ ಇರದಿಲ್ಲ?” ಎಂದು ಕೇಳಿದರು. ಅದು ಬೇರೆಯವರದು ಅತ್ತೆ ಎಂದು ನಾನು ಹೇಳಬಹುದಾಗಿತ್ತು. ಆದರೆ ಅವರ ಪ್ರಶ್ನೆ ಅದಾಗಿರಲಿಲ್ಲ.

ಬೆಟ್ಟದಲ್ಲಿ ಬಹುತೇಕ ಸಂದರ್ಭಗಳಲ್ಲಿ ಸರ್ವರ್ ಇದ್ದೇ ಇರುತ್ತದೆ. ಎಲ್ಲವೂ ಜೋಡಿಯಾಗಿ, ಸಾಕ್ಷಿಸಮೇತ, ತಣ್ಣನೆಯ ಕೋಣೆಗಳಲ್ಲಿ ಕ್ಷೇಮವಾಗಿರುತ್ತದೆ. ಇಲ್ಲದಿರುವುದು ನಮ್ಮೂರಿಗೂ ಅದಕ್ಕೂ ನಡುವಣ ಒಂದೇ ಒಂದು ಎಳೆ. ಗುಡ್ಡದ ಮೇಲಿನ ಟವರಿಗೆ ಕರೆಂಟು ಹೋದರೆ, ಮಳೆಗೆ ಮರ ಬಿದ್ದು ತಂತು ಹರಿದರೆ, ಎರಡನೆಯ ದಾರಿಯಿಲ್ಲ. ಕೋಟ್ಯಂತರ ರೂಪಾಯಿಯ ಜೋಡಿ ವ್ಯವಸ್ಥೆ ಘಟ್ಟದ ತಪ್ಪಲಿಗೆ ಬಂದು ಒಂಟಿಯಾಗುತ್ತದೆ. ಎರಡು ಸತ್ಯಗಳಿಗಿಂತ ಮೌನ ಮೇಲು ಎಂಬ ನಮ್ಮ ಕಸುಬಿನ ತತ್ತ್ವವನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಮೌನದ ಬೆಲೆಯನ್ನು ಕೊಡುವವರು ಯಾರೆಂದು ಆ ತತ್ತ್ವ ಹೇಳುವುದಿಲ್ಲ. ಪೇಟೆಯವನಿಗೆ ಅದು ಅರ್ಧ ಗಂಟೆಯ ಬೇಸರ. ಅತ್ತೆಗೆ ನಾಲ್ಕು ಮೈಲಿಯ ನಡಿಗೆ, ಕೂಲಿಯವನಿಗೆ ಒಂದು ದಿನದ ಕೂಲಿ.

ಹಾಗೆಂದು ಅಂಗಡಿಯವನು ಯಂತ್ರವನ್ನು ಬದಿಗಿಟ್ಟು ಇಷ್ಟಬಂದಂತೆ ಕೊಡಲೆಂದರೆ, ಎರಡು ರಸೀತಿ ಪುಸ್ತಕದ ಕಥೆಯೇ ಮರಳಿ ಬರುತ್ತದೆ. ನಡುವಣ ದಾರಿಯೊಂದುಂಟು. ದೊಡ್ಡ ಪುಸ್ತಕ ಕಾಣದ ಹೊತ್ತಿನಲ್ಲಿ ಎಷ್ಟರಮಟ್ಟಿಗೆ ಕೊಡಬಹುದೆಂದು ಮೊದಲೇ ಮಿತಿ ಕಟ್ಟುವುದು. ಈ ಅಂಗಡಿಗೆ ಸೇರಿದ ಕಾರ್ಡುಗಳಿಗೆ, ಈ ತಿಂಗಳಿನ ಪಾಲಿನಷ್ಟು, ರಿಜಿಸ್ಟರಿನಲ್ಲಿ ರುಜು ಪಡೆದು ಕೊಡಲಿ. ತಂತು ಕೂಡಿದ ಮೇಲೆ ತಾಳೆ ನೋಡಲಿ. ತಪ್ಪಿದರೂ ತಪ್ಪುವುದು ಒಂದು ತಿಂಗಳ ಅಕ್ಕಿಯಷ್ಟೇ, ಖಜಾನೆ ಮುಳುಗದು. ಬ್ಯಾಂಕಿನ ಹಣಕ್ಕೆ ಬೇಕಾದ ಬಿಗಿಯೇ ಅನ್ನಕ್ಕೂ ಬೇಕೆಂಬುದು ಯಂತ್ರದ ಅನಿವಾರ್ಯತೆಯಲ್ಲ, ನಿಯಮ ಬರೆದವರ ಆಯ್ಕೆ. ಕಾಗದದ ಆ ರಿಜಿಸ್ಟರೂ ವ್ಯವಸ್ಥೆಯ ಒಂದು ಅಂಗವೆಂದು, ಜೋಡಿ ತಂತಿನಷ್ಟೇ ಮರ್ಯಾದೆಯದೆಂದು, ನಮ್ಮ ಕಸುಬಿನವರು ತಿಳಿಯಬೇಕಾಗಿದೆ.

ಗಡಿಯ ಜನಕ್ಕೆ ಈ ವಿದ್ಯೆ ಹೊಸದಲ್ಲ. ಎರಡು ರಾಜ್ಯ, ಎರಡು ಭಾಷೆ, ಎರಡು ಸಂತೆಗಳ ನಡುವೆ ಒಂದು ಮನೆಯನ್ನು ಒಂದಾಗಿಯೇ ಉಳಿಸಿಕೊಳ್ಳುವುದನ್ನು ನಮ್ಮ ಹಿರಿಯರು ಯಾವ ಪುಸ್ತಕವನ್ನೂ ಓದದೆ ಕಲಿತರು. ಆಸ್ತಿಯ ಪತ್ರದ ಮೂಲ ಪೆಟ್ಟಿಗೆಯಲ್ಲಿ, ನಕಲು ಹೆಣ್ಣು ಕೊಟ್ಟ ಊರಿನಲ್ಲಿ. ವ್ಯಾಜ್ಯ ಬಂದರೆ ಪಕ್ಕದೂರಿನ ಸಾಕ್ಷಿ. ಓದುಗರು ಮುಂದೆ ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿದಾಗ ಕೋಪಿಸಿಕೊಳ್ಳುವುದಕ್ಕಿಂತ ಎರಡು ಪ್ರಶ್ನೆ ಕೇಳಲಿ: ಇಲ್ಲದ್ದು ಸರ್ವರೋ, ದಾರಿಯೋ? ದಾರಿಯಾದರೆ, ನಮ್ಮೂರಿಗೆ ಎರಡನೆಯ ದಾರಿ ಯಾವಾಗ? ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ಬರೆಸಲು ಮರೆಯದಿರಲಿ. ಅಂದು ಮಾತ್ರ ಕೋರಂ ಇಲ್ಲವೆಂದು ಎದ್ದುಹೋಗದಷ್ಟು ಜನ ಸೇರಬೇಕು.